ಅನುರಣನದ ಶಾಸ್ತ್ರವೂ ಕನ್ನಡದ ಹೊಣೆಯೂ

ಕಠಿಣವಾದ ಶಾಸ್ತ್ರವನ್ನು ಜನರಾಡುವ ಮಾತಿನಲ್ಲಿ ಹೇಳಬಹುದೆ, ಹೇಳಿದರೆ ಶಾಸ್ತ್ರದ ಗೌರವಕ್ಕೆ ಕುಂದುಂಟಾಗದೆ ಎಂಬ ಪ್ರಶ್ನೆ ಕನ್ನಡ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ಈ ಪ್ರಶ್ನೆಗೆ ತಮ್ಮ ವಚನಗಳಿಂದಲೇ ಉತ್ತರವಿತ್ತರು. ರಾಯಚೂರು ಸೀಮೆಯಲ್ಲಿ ಆ ಉತ್ತರ ಹದಿನೆಂಟನೆಯ ಶತಮಾನದಲ್ಲಿ ಮತ್ತೊಮ್ಮೆ ದೊರೆಯಿತು. ಮಾನ್ವಿ ತಾಲ್ಲೂಕಿನ ತುಂಗಭದ್ರಾತೀರದ ಚೀಕಲಪರ್ವಿಯಲ್ಲಿ ಜನಿಸಿದ ವಿಜಯದಾಸರು (1682–1755) ಸಂಸ್ಕೃತ ವ್ಯಾಖ್ಯಾನಗಳಲ್ಲಿ ಹುದುಗಿದ್ದ ವೇದಾಂತಪ್ರಮೇಯಗಳನ್ನು ಕನ್ನಡದ ಸುಳಾದಿಗಳಿಗೆ ಇಳಿಸಿದರು. ಅದೇ ತಾಲ್ಲೂಕಿನ ಬ್ಯಾಗವಾಟದಲ್ಲಿ ಹುಟ್ಟಿದ ಜಗನ್ನಾಥದಾಸರು ಅಂಥವೇ ಪ್ರಮೇಯಗಳನ್ನು ‘ಹರಿಕಥಾಮೃತಸಾರ’ದ ಭಾಮಿನೀ ಷಟ್ಪದಿಗೆ ಅಳವಡಿಸಿದರು. ಪಂಥ ಯಾವುದೇ ಇರಲಿ, ಒಂದು ಸಂಗತಿ ನಿರ್ವಿವಾದವಾದುದು: ಶಾಸ್ತ್ರ ಕನ್ನಡಕ್ಕೆ ಬಂದುದರಿಂದ ಶಾಸ್ತ್ರ ತೆಳುವಾಗಲಿಲ್ಲ, ಕನ್ನಡ ಗಟ್ಟಿಯಾಯಿತು.

ಇಂದು ಅದೇ ಪ್ರಶ್ನೆ ವಿಜ್ಞಾನದ ವಿಷಯದಲ್ಲಿ ಎದ್ದು ನಿಂತಿದೆ. ಚೀಕಲಪರ್ವಿಯಂಥ ಊರಿನ ಬಾಲಕ ಬಾಲಕಿಯರು ಹತ್ತನೆಯ ತರಗತಿಯವರೆಗೆ ವಿಜ್ಞಾನವನ್ನು ಕನ್ನಡದಲ್ಲಿ ಓದುತ್ತಾರೆ. ಮರುವರ್ಷವೇ ಪದವಿಪೂರ್ವ ತರಗತಿಯಲ್ಲಿ ಅದೇ ವಿಜ್ಞಾನ ಇಂಗ್ಲಿಷಿನ ದಟ್ಟಡವಿಯಾಗಿ ಅವರ ಮುಂದೆ ನಿಲ್ಲುತ್ತದೆ. ಬುದ್ಧಿಯ ಕೊರತೆಯಿಂದಲ್ಲ, ಮಾತಿನ ಕೊರತೆಯಿಂದ ಎಷ್ಟೋ ಮಕ್ಕಳು ಅಲ್ಲಿಂದ ಹಿಂದಿರುಗುವುದುಂಟು. ಸುಲಭವಾದ ವಿಷಯಗಳನ್ನು ಕನ್ನಡದಲ್ಲಿ ಹೇಳಿ, ಕಠಿಣವಾದವನ್ನು ಇಂಗ್ಲಿಷಿಗೆ ಬಿಟ್ಟುಕೊಡುವುದೆಂಬ ಮೌನ ಒಪ್ಪಂದವೊಂದು ಶಾಲೆಗಳಲ್ಲಿ ನಡೆದುಬಂದಿದೆ. ಈ ಒಪ್ಪಂದ ಸರಿಯಲ್ಲವೆಂಬುದನ್ನು ಕಠಿಣವಾದ ಒಂದು ವಿಷಯವನ್ನೇ ಉದಾಹರಣೆಯಾಗಿಟ್ಟು ಪರಿಶೀಲಿಸುವುದು ಯುಕ್ತ. ಜೀವಿಗಳ ಬೃಹದಣುಗಳ ಆಕೃತಿಯನ್ನು ಅರಿಯುವ ಎನ್.ಎಂ.ಆರ್. ಎಂಬ ವಿದ್ಯೆ ಅಂಥದು. ಕನ್ನಡ ನಾಡಿನ ನೆಲದಲ್ಲಿಯೂ ಬೆಳೆದ ವಿದ್ಯೆ ಅದಾಗಿರುವುದರಿಂದ ಈ ಆಯ್ಕೆ ಇನ್ನಷ್ಟು ಸಾರ್ಥಕ.

ಜೀವಿಯ ಶರೀರದಲ್ಲಿ ನಡೆಯುವ ಕಾರ್ಯಗಳಲ್ಲಿ ಬಹುಭಾಗ ಪ್ರೋಟೀನುಗಳೆಂಬ ಬೃಹದಣುಗಳಿಂದ ನಡೆಯುತ್ತದೆ. ಹಾಲಿನಲ್ಲಿ, ತೊಗರಿಬೇಳೆಯಲ್ಲಿ, ರಕ್ತದಲ್ಲಿ, ಕೂದಲು ಚರ್ಮಗಳಲ್ಲಿ ಇರುವುದು ಇವೇ. ನೀರಿನ ಅಣುವಿನಲ್ಲಿ ಮೂರೇ ಪರಮಾಣುಗಳಿದ್ದರೆ ಪ್ರೋಟೀನಿನ ಅಣುವಿನಲ್ಲಿ ನೂರಾರು, ಸಾವಿರಾರು ಪರಮಾಣುಗಳಿರುತ್ತವೆ. ಇಪ್ಪತ್ತು ಬಗೆಯ ಅಮೈನೊ ಆಮ್ಲಗಳು ಅಕ್ಷರಗಳಂತೆ ಸಾಲಾಗಿ ಜೋಡಿಸಿಕೊಂಡು ಸರಪಳಿಯಾಗುತ್ತವೆ. ಆ ಸರಪಳಿ ತನ್ನಷ್ಟಕ್ಕೆ ತಾನೇ ಮಡಿಚಿಕೊಂಡು ಒಂದು ನಿಯತವಾದ ಆಕೃತಿಯನ್ನು ತಾಳುತ್ತದೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ನಿನಲ್ಲಿ ನಾಲ್ಕು ಸರಪಳಿಗಳು, ಒಟ್ಟು 574 ಅಮೈನೊ ಆಮ್ಲಗಳು ಇವೆ. ಅದರ ಬೀಟಾ ಎಂಬ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲವಿರಬೇಕಾದಲ್ಲಿ ವ್ಯಾಲೀನ್ ಬಂದರೆ, ಆಮ್ಲಜನಕ ಕಡಮೆಯಾದಾಗ ಆ ಅಣುಗಳು ಒಂದಕ್ಕೊಂದು ಅಂಟಿಕೊಂಡು ರಕ್ತಕಣವನ್ನೇ ಕುಡುಗೋಲಿನಂತೆ ಬಾಗಿಸಿಬಿಡುತ್ತವೆ. ಒಂದಕ್ಷರದ ಸ್ಖಾಲಿತ್ಯದಿಂದ ಅರ್ಥ ಅನರ್ಥವಾಗುವುದನ್ನು ಬಲ್ಲ ಭಾಷಾಧ್ಯಾಪಕರಿಗೆ ಇದು ಆಶ್ಚರ್ಯದ ಮಾತಲ್ಲ. ಆಕೃತಿಯನ್ನೂ ಅದರ ಮೇಲ್ಮೈಯನ್ನೂ ತಿಳಿಯದೆ ಪ್ರೋಟೀನಿನ ಕೆಲಸವನ್ನು ತಿಳಿಯಲಾಗದು. ಕೆಲಸವನ್ನು ತಿಳಿಯದೆ ರೋಗವನ್ನೂ ಔಷಧವನ್ನೂ ಸರಿಯಾಗಿ ತಿಳಿಯಲಾಗದು.

ಈ ಆಕೃತಿಯನ್ನು ಕಾಣುವುದು ಹೇಗೆ? ಬೆಳಕಿನ ಸೂಕ್ಷ್ಮದರ್ಶಕ ಅಷ್ಟು ದೂರ ಹೋಗಲಾರದು. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಭಾಗ ಮಾಡಿದರೆ ಬರುವ ಆಂಗ್‌ಸ್ಟ್ರಾಮ್ ಎಂಬ ಮಾನವೇ ಪರಮಾಣುಗಳ ಗಾತ್ರವನ್ನು ಅಳೆಯುವ ಮೊಳ. ಮೊದಲು ಒದಗಿಬಂದ ಸಾಧನ ಕ್ಷಕಿರಣ. ಪ್ರೋಟೀನನ್ನು ಕಲ್ಲುಸಕ್ಕರೆಯಂತೆ ಹರಳುಗಟ್ಟಿಸಿ, ಅದರ ಮೂಲಕ ಕ್ಷಕಿರಣ ಹಾಯಿಸಿ ಆಕೃತಿಯನ್ನು ಲೆಕ್ಕಹಾಕಿದ ಕೆಂಡ್ರೂ ಮತ್ತು ಪೆರುಟ್ಜ್ ಅವರಿಗೆ 1962ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆದರೆ ಎಲ್ಲ ಪ್ರೋಟೀನುಗಳೂ ಹರಳಾಗಲು ಒಪ್ಪುವುದಿಲ್ಲ. ಹರಳಿನೊಳಗಿನ ಅಣು ಸಭೆಯಲ್ಲಿ ಸಾಲಾಗಿ ಕುಳಿತವರಂತೆ ಕಟ್ಟುಬಿದ್ದಿರುತ್ತದೆ. ಶರೀರದೊಳಗಾದರೋ ಅದು ನೀರಿನಲ್ಲಿ ತೇಲುತ್ತ, ಹೊರಳುತ್ತ, ಮಿಡಿಯುತ್ತ ಇರುತ್ತದೆ. ನೀರಿನಲ್ಲಿರುವಂತೆಯೇ ಅಣುವನ್ನು ಅರಿಯಬೇಕೆಂಬ ಬಯಕೆಯನ್ನು ಈಡೇರಿಸಿದುದು ಎನ್.ಎಂ.ಆರ್.

ಇದರ ತತ್ತ್ವವನ್ನು ಕನ್ನಡದಲ್ಲಿ ಹೇಳಲು ಕಷ್ಟವೇನೂ ಇಲ್ಲ. ಹೈಡ್ರೋಜನ್ ಪರಮಾಣುವಿನ ಬೀಜ, ಅರ್ಥಾತ್ ನ್ಯೂಕ್ಲಿಯಸ್, ಅತಿಸೂಕ್ಷ್ಮವಾದ ಒಂದು ಅಯಸ್ಕಾಂತದಂತೆ ವರ್ತಿಸುತ್ತದೆ. ಬಲವಾದ ಅಯಸ್ಕಾಂತದ ನಡುವೆ ಇಟ್ಟಾಗ ಅದು ಒಂದು ನಿಯತವಾದ ಗತಿಯಲ್ಲಿ ಬುಗುರಿಯಂತೆ ಓಲಾಡುತ್ತದೆ. ಅದೇ ಗತಿಯ ರೇಡಿಯೊ ತರಂಗವನ್ನು ಅದಕ್ಕೆ ತಾಗಿಸಿದರೆ ಮಾತ್ರ ಅದು ಸ್ಪಂದಿಸಿ ಮರುದನಿ ಕೊಡುತ್ತದೆ. ಗತಿ ಕೊಂಚ ತಪ್ಪಿದರೂ ಮೌನ. ಒಂದೇ ಶ್ರುತಿಗೆ ಕಟ್ಟಿದ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ ಮತ್ತೊಂದು ತಾನಾಗಿ ಮಿಡಿಯುವುದನ್ನು ತಂಬೂರಿ ಹಿಡಿದವರೆಲ್ಲರೂ ಬಲ್ಲರು. ವ್ಯತ್ಯಾಸವಿಷ್ಟೆ: ಇಲ್ಲಿ ಶ್ರುತಿಯನ್ನು ನಿರ್ಧರಿಸುವುದು ಅಯಸ್ಕಾಂತದ ಬಲ. 500 ಮೆಗಾಹರ್ಟ್ಸ್ ಎಂದು ಕರೆಯುವ ಯಂತ್ರದಲ್ಲಿ ಆ ಬಲ ಭೂಮಿಯ ಅಯಸ್ಕಾಂತಬಲದ ಎರಡೂವರೆ ಲಕ್ಷ ಪಟ್ಟನ್ನೂ ಮೀರುತ್ತದೆ. ಅದನ್ನು ಉತ್ಪಾದಿಸುವ ಸುರುಳಿಯನ್ನು ಸೊನ್ನೆಗಿಂತ 269 ಡಿಗ್ರಿ ಕೆಳಗಿನ ದ್ರವ ಹೀಲಿಯಮ್ಮಿನಲ್ಲಿ ಮುಳುಗಿಸಿಟ್ಟಿರುತ್ತಾರೆ. ಇಷ್ಟಾಗಿಯೂ ಒಂದು ಲಕ್ಷ ಹೈಡ್ರೋಜನ್ ಬೀಜಗಳಲ್ಲಿ ಒಂದು ದಿಕ್ಕಿನ ಕಡೆಗೆ ಹೆಚ್ಚಾಗಿ ನಿಲ್ಲುವುವು ಸುಮಾರು ನಾಲ್ಕು ಮಾತ್ರ. ಆ ನಾಲ್ಕರ ದನಿಯೇ ಇಡೀ ಶಾಸ್ತ್ರಕ್ಕೆ ಆಧಾರ.

ಇಲ್ಲಿ ಹೆಸರಿನ ವಿಚಾರವನ್ನು ಸ್ವಲ್ಪ ನೋಡಬೇಕು. ಈ ಶಾಸ್ತ್ರದ ಇಂಗ್ಲಿಷ್ ಹೆಸರನ್ನು ಪದಕ್ಕೆ ಪದವಿಟ್ಟು ಅನುವಾದಿಸಿ ‘ಪರಮಾಣುಬೀಜಕಾಂತೀಯಾನುರಣನರೋಹಿತದರ್ಶನ’ ಎಂದು ಸಮಾಸ ಕಟ್ಟಬಹುದು; ವಿದ್ಯಾರ್ಥಿ ಅದನ್ನು ಉಚ್ಚರಿಸುವಷ್ಟರಲ್ಲಿ ಪಾಠದ ಅವಧಿ ಮುಗಿಯುತ್ತದೆ. ಪಂಡಿತರು ಇಂಥ ಸಮಾಸಗಳಿಂದ ಕನ್ನಡಕ್ಕೆ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡಿದ್ದಾರೆ. ಆದರೆ ಅದರೊಳಗಿನ ‘ಅನುರಣನ’ ಎಂಬ ಒಂದು ಶಬ್ದವನ್ನು ಮಾತ್ರ ಬಿಟ್ಟುಕೊಡಬಾರದು. ಘಂಟೆಯನ್ನು ಬಾರಿಸಿದ ಮೇಲೆ ಉಳಿದು ಮೊಳಗುವ ನಾದಕ್ಕೆ ಅನುರಣನವೆಂದು ಹೆಸರು. ಒಂಬತ್ತನೆಯ ಶತಮಾನದ ಆನಂದವರ್ಧನನು ವಾಚ್ಯಾರ್ಥವಾದ ಬಳಿಕ ಕ್ರಮವಾಗಿ ಹೊಮ್ಮುವ ವ್ಯಂಗ್ಯಾರ್ಥವನ್ನು ವಿವರಿಸಲು ಈ ಶಬ್ದವನ್ನೇ ಆರಿಸಿಕೊಂಡ. ರೇಡಿಯೊ ತರಂಗದ ಪೆಟ್ಟು ನಿಂತ ಮೇಲೆ ಬೀಜಗಳು ಉಳಿಸಿ ಮೊಳಗಿಸುವ ಕ್ಷೀಣನಾದವನ್ನೇ ಯಂತ್ರ ದಾಖಲಿಸುವುದರಿಂದ, ಈ ಶಬ್ದ ಇಲ್ಲಿ ಮೂಲ ಇಂಗ್ಲಿಷ್ ಶಬ್ದಕ್ಕಿಂತಲೂ ಚೆನ್ನಾಗಿ ಒಪ್ಪುತ್ತದೆ. ಪ್ರೋಟೀನ್, ಹೈಡ್ರೋಜನ್, ರೇಡಿಯೊ ಮೊದಲಾದವು ಹಾಗೆಯೇ ಇರಲಿ. ಅವು ಕನ್ನಡದ ವಿಭಕ್ತಿಗಳನ್ನು ಹೊತ್ತು ಕನ್ನಡವೇ ಆಗಿವೆ. ಕನ್ನಡದ ಶಬ್ದ ವಿಷಯವನ್ನು ಬೆಳಗಿಸುವಲ್ಲಿ ಕನ್ನಡದ ಶಬ್ದ, ಮಸುಕುಗೊಳಿಸುವಲ್ಲಿ ಬಂದ ಶಬ್ದ ಎಂಬುದೇ ಸರಿಯಾದ ನಿಯಮ.

ಇನ್ನು ಚರಿತ್ರೆ. ಅಮೆರಿಕೆಯಲ್ಲಿ ಬ್ಲಾಖ್ ಮತ್ತು ಪರ್ಸೆಲ್ ಎಂಬ ಭೌತವಿಜ್ಞಾನಿಗಳ ಎರಡು ತಂಡಗಳು ಈ ಅನುರಣನವನ್ನು ಘನ, ದ್ರವ ಪದಾರ್ಥಗಳಲ್ಲಿ ಮೊದಲು ಕಂಡುಕೊಂಡು 1946ರಲ್ಲಿ ಪ್ರಕಟಿಸಿದವು. 1952ರಲ್ಲಿ ಇಬ್ಬರಿಗೂ ನೊಬೆಲ್ ಸಂದಿತು. 1951ರಲ್ಲಿ ಬ್ಲಾಖ್ ಅವರಿದ್ದ ಸ್ಟ್ಯಾನ್‌ಫರ್ಡಿನಿಂದ ಒಂದು ಪುಟ್ಟ ಲೇಖನ ಹೊರಬಿತ್ತು. ಆಲ್ಕೊಹಾಲಿನ ಒಂದೇ ಅಣುವಿನಲ್ಲಿರುವ ಹೈಡ್ರೋಜನ್‌ಗಳು ತಾವಿರುವ ನೆರೆಹೊರೆಗೆ ತಕ್ಕಂತೆ ಮೂರು ಬೇರೆ ಬೇರೆ ಸ್ವರಗಳಲ್ಲಿ ನುಡಿಯುತ್ತವೆಂದು ಅದು ತೋರಿಸಿತು. ಅನುರಣನದಿಂದ ಅಣುವಿನ ಒಳರಚನೆಯನ್ನು ಓದಬಹುದೆಂಬುದು ಅಂದು ಜಗತ್ತಿಗೆ ತಿಳಿಯಿತು. ಅದನ್ನು ಬರೆದ ಮೂವರಲ್ಲಿ ಒಬ್ಬರು ಎಸ್. ಎಸ್. ಧರ್ಮಟ್ಟಿ. ಆ ಹೆಸರಿನ ಊರು ಗೋಕಾಕ ಸೀಮೆಯಲ್ಲಿದೆ. ಆ ಹೆಸರು ಕನ್ನಡದ ಕಿವಿಗೆ ಪರಕೀಯವಲ್ಲ. ಮುಂದೆ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಈ ವಿದ್ಯೆಯ ತಂಡವನ್ನು ಕಟ್ಟಿದರು. ಅದೇ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವಗಳಲ್ಲಿ ಅನುರಣನ ಹೇಗಿರುತ್ತದೆಂಬುದನ್ನು ಪರಿಶೀಲಿಸಿ ಬರೆದರು. ಹರಿಯುವ ದ್ರವದ ಅನುರಣನಕ್ಕೆ ಸಂಬಂಧಿಸಿದ ಆದ್ಯ ಪ್ರಯೋಗವೆಂದು ಇಂದಿಗೂ ಅದನ್ನು ಸ್ಮರಿಸುತ್ತಾರೆ.

ಪ್ರೋಟೀನಿನ ಬಳಿಗೆ ಬಂದಾಗ ಈ ವಿದ್ಯೆ ಬಹುಕಾಲ ಎಡವಿತು. 1957ರಲ್ಲಿ ಸಾಂಡರ್ಸ್, ವಿಶ್ನಿಯಾ, ಕಿರ್ಕ್‌ವುಡ್ ಎಂಬವರು 124 ಅಮೈನೊ ಆಮ್ಲಗಳ ರೈಬೊನ್ಯೂಕ್ಲಿಯೇಸ್ ಎಂಬ ಪ್ರೋಟೀನಿನ ದನಿಯನ್ನು ಆಲಿಸಿದರು. ನೂರಾರು ಹೈಡ್ರೋಜನ್‌ಗಳ ಸ್ವರಗಳು ಒಂದರ ಮೇಲೊಂದು ಬಿದ್ದು ನಾಲ್ಕು ದಪ್ಪ ದಿಬ್ಬಗಳಷ್ಟೇ ಕಾಣಿಸಿದವು. ಜಾತ್ರೆಯ ಗದ್ದಲವನ್ನು ದೂರದಿಂದ ಕೇಳಿದಂತೆ, ಯಾರು ಯಾರೊಡನೆ ಏನು ಮಾತನಾಡುತ್ತಿದ್ದಾರೆಂದು ತಿಳಿಯುವಂತಿರಲಿಲ್ಲ. ಸ್ವಿಟ್ಜರ್ಲೆಂಡಿನ ರಿಚರ್ಡ್ ಅರ್ನ್ಸ್ಟ್ ಎಂಬ ರಸಾಯನವಿಜ್ಞಾನಿ, ಸ್ವರಗಳನ್ನು ಒಂದೊಂದಾಗಿ ಹುಡುಕುವ ಬದಲು ಒಂದೇ ಪೆಟ್ಟಿಗೆ ಎಲ್ಲವನ್ನೂ ಮೊಳಗಿಸಿ ಗಣಿತದಿಂದ ಬಿಡಿಸುವ ಉಪಾಯವನ್ನು 1966ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಪ್ರಕಟಿಸಿದರು. ಸ್ವರಗಳನ್ನು ಒಂದು ಸಾಲಿನಲ್ಲಿ ಹರಡದೆ ಉದ್ದಗಲಗಳಿರುವ ಹಾಳೆಯ ಮೇಲೆ ಹರಡಬಹುದೆಂದು ಬೆಲ್ಜಿಯಮ್ಮಿನ ಜೀನರ್ 1971ರಲ್ಲಿ ಸೂಚಿಸಿದರು. ಅರ್ನ್ಸ್ಟ್ ಅದನ್ನು ಬೆಳೆಸಿದರು. ಈ ಸಾಧನೆಗಳಿಗಾಗಿ ಅರ್ನ್ಸ್ಟ್ ಅವರಿಗೆ 1991ರಲ್ಲಿ ನೊಬೆಲ್ ದೊರೆಯಿತು.

ಈ ಕಥೆಯ ನಿರ್ಣಾಯಕ ಅಧ್ಯಾಯದಲ್ಲಿ ಬೆಂಗಳೂರಿನ ಹೆಸರಿದೆ. ಕನ್ನಡ ನಾಡನ್ನು ಕರ್ಮಭೂಮಿಯಾಗಿಸಿಕೊಂಡ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನಿ ಅನಿಲ್ ಕುಮಾರ್ ಅವರು ಜೂರಿಕ್ಕಿನಲ್ಲಿ ಅರ್ನ್ಸ್ಟ್ ಮತ್ತು ಕುರ್ಟ್ ವೂಟ್ರಿಚ್ ಅವರೊಡನೆ ನಡೆಸಿದ ಸಂಶೋಧನೆ 1980ರಲ್ಲಿ ಪ್ರಕಟವಾಯಿತು. ಲೇಖನದ ಶೀರ್ಷಿಕೆಯಲ್ಲಿಯೇ ಜೈವಿಕ ಬೃಹದಣುಗಳ ಉಲ್ಲೇಖವಿತ್ತು. ಲೇಖಕರ ಸಾಲಿನಲ್ಲಿ ಮೊದಲನೆಯ ಹೆಸರು ಅನಿಲ್ ಕುಮಾರ್ ಅವರದು. ಒಂದು ಹೈಡ್ರೋಜನ್ ಬೀಜದ ಕ್ಷೋಭೆ ತನ್ನ ತೀರ ಹತ್ತಿರದಲ್ಲಿರುವ ಮತ್ತೊಂದಕ್ಕೆ ಹಬ್ಬುತ್ತದೆ. ಸುಮಾರು ಐದು ಆಂಗ್‌ಸ್ಟ್ರಾಮ್‌ಗಳನ್ನು ದಾಟಿದರೆ ಹಬ್ಬುವುದು ಕಾಣದಾಗುತ್ತದೆ. ದೂರ ಇಮ್ಮಡಿಯಾದರೆ ಪ್ರಭಾವ ಅರುವತ್ತನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಆದುದರಿಂದ ಯಾವುದಕ್ಕೆ ಯಾವುದು ಹಬ್ಬಿತೆಂದು ಒಂದೇ ಹಾಳೆಯ ಮೇಲೆ ಗುರುತಿಸಿದರೆ, ಅಣುವಿನೊಳಗೆ ಯಾರು ಯಾರ ನೆರೆಯವರೆಂಬ ಪಟ್ಟಿ ಪೂರ್ಣವಾಗಿ ಸಿದ್ಧವಾಗುತ್ತದೆ. ಇಂಥ ನೆರೆಪಟ್ಟಿಯಿಂದ ಆಕೃತಿ ಬರುವುದು ಹೇಗೆಂದರೆ: ಮಾನ್ವಿ, ದೇವದುರ್ಗ, ರಾಯಚೂರು, ಸಿಂಧನೂರು, ಚೀಕಲಪರ್ವಿ ಇವುಗಳಲ್ಲಿ ಪ್ರತಿ ಜೋಡಿಯ ನಡುವಣ ದೂರವನ್ನು ಹೇಳಿಬಿಟ್ಟರೆ, ಆ ಊರುಗಳನ್ನು ಕಾಣದ ವಿದ್ಯಾರ್ಥಿಯೂ ಕೈವಾರ ಹಿಡಿದು ನಕ್ಷೆ ಬರೆಯಬಲ್ಲ. ನಕ್ಷೆ ಕನ್ನಡಿಯ ಬಿಂಬದಂತೆ ಎಡಬಲ ತಿರುಗಿಹೋಗುವ ಸಂಭವವೊಂದುಂಟು. ಪ್ರೋಟೀನಿನ ಅಮೈನೊ ಆಮ್ಲಗಳು ಬಹುತೇಕ ಎಡಗೈ ಜಾತಿಯವೆಂದು ಗೊತ್ತಿರುವುದರಿಂದ ಅಲ್ಲಿ ಆ ಸಂದೇಹವೂ ಪರಿಹಾರವಾಗುತ್ತದೆ.

ವೂಟ್ರಿಚ್ ಅವರ ತಂಡ 1985ರಲ್ಲಿ ಈ ಮಾರ್ಗದಿಂದ ಒಂದು ಪುಟ್ಟ ಪ್ರೋಟೀನಿನ ಪೂರ್ಣ ಆಕೃತಿಯನ್ನು ಪ್ರಕಟಿಸಿದಾಗ ಹಲವರು ನಂಬಲಿಲ್ಲ. ಆಗ ಟೆಂಡಮಿಸ್ಟಾಟ್ ಎಂಬ 74 ಅಮೈನೊ ಆಮ್ಲಗಳ ಪ್ರೋಟೀನನ್ನು ಎರಡು ತಂಡಗಳು ಪ್ರತ್ಯೇಕವಾಗಿ ಪರೀಕ್ಷಿಸಿದವು; ಒಂದು ಕ್ಷಕಿರಣದಿಂದ, ಮತ್ತೊಂದು ಅನುರಣನದಿಂದ. 1986ರಲ್ಲಿ ಎರಡರ ಫಲವೂ ಹೊರಬಂದಾಗ ಆಕೃತಿಗಳು ಹೊಂದಿಕೊಂಡವು, ಸಂದೇಹ ಮುಗಿಯಿತು. ಸಂದೇಹಕ್ಕೆ ಪ್ರಮಾಣದಿಂದಲೇ ಉತ್ತರ ಕೊಡುವ ಈ ಶೀಲ ಮಕ್ಕಳಿಗೆ ಸೂತ್ರಗಳಿಗಿಂತ ಮೊದಲು ತಿಳಿಯಬೇಕಾದುದು. ವೂಟ್ರಿಚ್ ಅವರಿಗೆ 2002ರಲ್ಲಿ ನೊಬೆಲ್ ಸಂದಿತು.

ತರ್ಕ ವ್ಯಾಕರಣಗಳನ್ನು ಓದಿದವರಿಗೆ ಈ ಪದ್ಧತಿ ಪರಿಚಿತವೆನಿಸಿದರೆ ಆಶ್ಚರ್ಯವಿಲ್ಲ. ವಾಕ್ಯದ ಅರ್ಥ ತಿಳಿಯಬೇಕಾದರೆ ಪದಗಳಿಗೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಇರಬೇಕೆಂದು ಪೂರ್ವಿಕರು ಹೇಳಿದರು. ಬಂಧದಿಂದ ಒಂದನ್ನೊಂದು ಹಿಡಿದಿರುವ ಬೀಜಗಳನ್ನು ಗುರುತಿಸುವ ಪ್ರಯೋಗ ಆಕಾಂಕ್ಷೆಯನ್ನು ತಿಳಿಸುತ್ತದೆ. ಸರಪಳಿ ಯಾವ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವುದರಲ್ಲಿ ತಿರುಗಲಾರದು ಎಂಬ ಯೋಗ್ಯತೆಯನ್ನು ಜಿ. ಎನ್. ರಾಮಚಂದ್ರನ್ ಅವರು ಮದರಾಸಿನಲ್ಲಿ ರಾಮಕೃಷ್ಣನ್, ಶಶಿಶೇಖರನ್ ಅವರೊಡನೆ 1963ರಲ್ಲಿ ನಕ್ಷೆಯಾಗಿ ಬರೆದಿಟ್ಟರು. ಜಗತ್ತಿನ ಯಾವ ಪ್ರಯೋಗಾಲಯದಲ್ಲಿ ಪ್ರೋಟೀನಿನ ಆಕೃತಿ ಸಿದ್ಧವಾದರೂ ಅದನ್ನು ಇಂದಿಗೂ ಆ ನಕ್ಷೆಯ ಮುಂದೆ ಪರೀಕ್ಷೆಗಿಡುತ್ತಾರೆ. ಅನಿಲ್ ಕುಮಾರ್ ಮೊದಲಾದವರ ಪ್ರಯೋಗ ಸನ್ನಿಧಿಯನ್ನು ತಿಳಿಸುತ್ತದೆ. ಒಂದು ಭೇದವುಂಟು: ಕಾವ್ಯದಲ್ಲಿ ದೂರಾನ್ವಯ ದೋಷ, ಪ್ರೋಟೀನಿನಲ್ಲಿ ಅದೇ ಗುಣ. ಸರಪಳಿಯ ಮೂರನೆಯ ಅಕ್ಷರ ಐವತ್ತನೆಯ ಅಕ್ಷರದ ಮಗ್ಗುಲಿಗೆ ಬಂದು ನಿಲ್ಲುವುದರಿಂದಲೇ ಆಕೃತಿ ಹುಟ್ಟುತ್ತದೆ. ಪೂರ್ವಿಕರಿಗೆ ಈ ವಿಜ್ಞಾನ ಮೊದಲೇ ಗೊತ್ತಿತ್ತೆಂದು ಇದರಿಂದ ವಾದಿಸುವುದು ಹಾಸ್ಯಾಸ್ಪದ. ಅವರಿಗೆ ಪ್ರೋಟೀನೂ ಗೊತ್ತಿರಲಿಲ್ಲ, ರೇಡಿಯೊವೂ ಗೊತ್ತಿರಲಿಲ್ಲ. ಇದರಿಂದ ಸಿದ್ಧವಾಗುವುದು ಬೇರೊಂದು: ಈ ವಿಜ್ಞಾನವನ್ನು ವಿವರಿಸಲು ಬೇಕಾದ ವಿಚಾರದ ಸಾಮಗ್ರಿ ಕನ್ನಡದ ಬೊಕ್ಕಸದಲ್ಲಿದೆ, ಬಳಸುವವರು ಬೇಕು.

ರಾಮಚಂದ್ರನ್ ಅವರು ಮುಂದೆ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು 1971ರಲ್ಲಿ ಸ್ಥಾಪಿಸಿದರು. 1970ರ ದಶಕದ ಕೊನೆಯ ವೇಳೆಗೆ 270 ಮೆಗಾಹರ್ಟ್ಸ್ ಯಂತ್ರವೂ ಅಲ್ಲಿಗೆ ಬಂದಿತು. ಆ ವಿಭಾಗದ ಪಿ. ಬಲರಾಮ್ ಅವರು ಪೆಪ್ಟೈಡುಗಳೆಂಬ ಕಿರುಸರಪಳಿಗಳ ಮಡಿಕೆಗಳನ್ನು ಅನುರಣನದಿಂದ ಪರಿಶೀಲಿಸಿ ಹೆಸರಾದರು. ಮುಂದೆ ಸಂಸ್ಥೆಯ ನಿರ್ದೇಶಕರೂ ಆದರು. ಅನಿಲ್ ಕುಮಾರ್ ಅವರು ಅರ್ನ್ಸ್ಟ್ ಮತ್ತು ವೆಲ್ಟಿ ಅವರೊಡನೆ 1975ರಲ್ಲಿ ಪ್ರಕಟಿಸಿದ ಮತ್ತೊಂದು ವಿಧಾನ, ಅನುರಣನದಿಂದ ಚಿತ್ರ ತೆಗೆಯುವುದಕ್ಕೆ ತಳಹದಿಯಾಯಿತು. ಆಸ್ಪತ್ರೆಯ ಎಂ.ಆರ್.ಐ. ಎಂಬ ಮೂರಕ್ಷರ ಇಂದು ಹಳ್ಳಿಯ ರೈತನಿಗೂ ಪರಿಚಿತ. ಅದು ಎನ್.ಎಂ.ಆರ್. ವಿದ್ಯೆಯ ಕೂಸೇ; ಮೊದಲಿನ ‘ನ್ಯೂಕ್ಲಿಯರ್’ ಎಂಬ ಮಾತು ರೋಗಿಗಳಲ್ಲಿ ಅಣುಬಾಂಬಿನ ಭಯ ಹುಟ್ಟಿಸೀತೆಂದು ಹೆಸರಿನಿಂದ ಕೈಬಿಟ್ಟರು. ಬೀಜ ಎಂದಿದ್ದರೆ ಯಾರೂ ಹೆದರುತ್ತಿರಲಿಲ್ಲ!

ಈ ವಿದ್ಯೆಗೆ ಮಿತಿಗಳಿಲ್ಲವೆಂದಲ್ಲ. ಅಣು ತೀರ ದೊಡ್ಡದಾದರೆ ಸ್ವರಗಳು ಮತ್ತೆ ಕಲಸಿಹೋಗುತ್ತವೆ. ಅಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಹೊಸ ಬಗೆಯೊಂದು ಮುಂದಾಗಿದೆ. ಅಕ್ಷರಗಳ ಸಾಲನ್ನು ಓದಿಯೇ ಆಕೃತಿಯನ್ನು ಊಹಿಸುವ ಕಂಪ್ಯೂಟರ್ ವಿಧಾನಕ್ಕೆ 2024ರ ನೊಬೆಲ್ ಸಂದಿದೆ. ಆದರೆ ಆ ಕಂಪ್ಯೂಟರು ಕಲಿತದ್ದು ದಶಕಗಳಿಂದ ಜನ ಅಳೆದು ಕೂಡಿಟ್ಟ ಆಕೃತಿಗಳ ಭಂಡಾರದಿಂದ. 1971ರಲ್ಲಿ ಆರಂಭವಾದ ಆ ಪ್ರೋಟೀನ್ ಭಂಡಾರದಲ್ಲಿ ಅನುರಣನದಿಂದ ದೊರೆತ ಆಕೃತಿಗಳೇ 10,000ಕ್ಕೂ ಹೆಚ್ಚು ಇವೆ. ನೀರಿನಲ್ಲಿ ಅಣು ಹೇಗೆ ಚಲಿಸುತ್ತದೆ, ಯಾವ ಭಾಗ ಬಿಗಿ, ಯಾವುದು ಸಡಿಲ ಎಂಬುದನ್ನು ಪ್ರತ್ಯಕ್ಷವಾಗಿ ಹೇಳುವ ಶಕ್ತಿ ಇಂದಿಗೂ ಅನುರಣನಕ್ಕಿದೆ. ಆ ಭಂಡಾರ ಜಗತ್ತಿಗೆಲ್ಲ ತೆರೆದದ್ದು; ಚೀಕಲಪರ್ವಿಯ ವಿದ್ಯಾರ್ಥಿನಿ ತಂದೆಯ ಮೊಬೈಲಿನಲ್ಲಿ ಬೆರಳಾಡಿಸಿ ಹಿಮೋಗ್ಲೋಬಿನ್ನನ್ನು ತಿರುಗಿಸಿ ತಿರುಗಿಸಿ ನೋಡಬಹುದು. ಕಾಸು ಕೊಡಬೇಕಾಗಿಲ್ಲ. ನೋಡಿದುದನ್ನು ಹೇಳಿಕೊಡುವ ಮಾತೊಂದೇ ಬಾಕಿ.

ಆ ಮಾತು ಇಲ್ಲದಿರುವುದಕ್ಕೆ ರಾಯಚೂರು ಸೀಮೆಯ ಚರಿತ್ರೆಯಲ್ಲಿ ಕಾರಣವುಂಟು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಲ್ಲಿ ‘ವಿಜ್ಞಾನ’ ಎಂಬ ಕನ್ನಡ ಪತ್ರಿಕೆಯನ್ನು ಹೊರಡಿಸಿದರು. ಅದೇ ವರ್ಷ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಆರಂಭವಾಯಿತು. ವಿಜ್ಞಾನಗ್ರಂಥಗಳನ್ನು ಉರ್ದುವಿಗೆ ತರಲು ಅಲ್ಲಿ ಪ್ರತ್ಯೇಕವಾದ ಅನುವಾದ ವಿಭಾಗವೇ ಇದ್ದಿತು. ಬಯಸಿದರೆ ದೇಶಭಾಷೆಯೊಂದರಲ್ಲಿ ಉನ್ನತ ವಿಜ್ಞಾನವನ್ನು ಕಲಿಸಬಹುದೆಂಬುದಕ್ಕೆ ಅದು ಸಾಕ್ಷಿ. ಆದರೆ ಆ ಸಂಸ್ಥಾನಕ್ಕೆ ಸೇರಿದ್ದ ರಾಯಚೂರಿನ ಕನ್ನಡ ಮಕ್ಕಳಿಗೆ ಬೆಂಗಳೂರಿನ ಪತ್ರಿಕೆ ದೂರ, ಹೈದರಾಬಾದಿನ ಉರ್ದು ಪರಭಾಷೆ. 1956ರ ಏಕೀಕರಣದಿಂದ ನಾಡು ಒಂದಾಯಿತು. ಕನ್ನಡ ವಿಶ್ವಕೋಶ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’, ಜೆ. ಆರ್. ಲಕ್ಷ್ಮಣರಾಯರು, ಜಿ. ಟಿ. ನಾರಾಯಣರಾಯರು ಮೊದಲಾದವರ ಗ್ರಂಥಗಳು ಬಂದವು. ಇವೆಲ್ಲ ಸ್ತುತ್ಯರ್ಹವಾದರೂ ಹೊಸ ವಿಜ್ಞಾನದ ವೇಗಕ್ಕೆ ಸಾಲದಾದವು.

ಕೆಲವರು ಆಕ್ಷೇಪಿಸುವರು: ಹಳ್ಳಿಯ ಮಕ್ಕಳಿಗೆ ಉದ್ಯೋಗ ಕೊಡುವುದು ಇಂಗ್ಲಿಷ್, ಅವರಿಗೆ ಕನ್ನಡದ ವಿಜ್ಞಾನವೇಕೆ? ಇಂಗ್ಲಿಷನ್ನು ಕಲಿಸಬೇಡಿರೆಂದು ಯಾವ ವಿವೇಕಿಯೂ ಹೇಳಲಾರ. ವಿಷಯ ಮೊದಲು ಮನಸ್ಸಿಗೆ ಹತ್ತಿದರೆ ಪರಭಾಷೆಯ ಪದ ಅದಕ್ಕೆ ತಾನೇ ಬಂದು ಅಂಟುತ್ತದೆ. ವಿಷಯವೇ ಹತ್ತದಿದ್ದರೆ ಪದ ಗಿಳಿಪಾಠವಾಗುತ್ತದೆ. ಅನುರಣನವನ್ನು ಎರಡು ತಂತಿಗಳಲ್ಲಿ ಕಂಡ ಬಾಲಕನಿಗೆ ಅದರ ಇಂಗ್ಲಿಷ್ ಹೆಸರನ್ನು ಕಲಿಯಲು ಒಂದು ನಿಮಿಷ ಸಾಕು. ಬರಿಯ ಹೆಸರನ್ನು ಕಲಿತವನಿಗೆ ತಂತಿಯ ಮಿಡಿತ ಎಂದಿಗೂ ತಿಳಿಯದೆ ಹೋಗಬಹುದು. ಮತ್ತೆ ಕೆಲವರು, ಕೋಟಿಗಟ್ಟಲೆ ಬೆಲೆಯ ಯಂತ್ರವಿಲ್ಲದೆ ಇದನ್ನು ಕಲಿಸುವುದು ಹೇಗೆ ಎನ್ನುವರು. ಯಂತ್ರ ಬೇರೆ, ತತ್ತ್ವ ಬೇರೆ. ಸಮಶ್ರುತಿಯ ಎರಡು ತಂತಿಗಳಲ್ಲಿ ಒಂದರ ಮೇಲೆ ಮಡಿಸಿದ ಕಾಗದದ ಚೂರನ್ನಿಟ್ಟು ಮತ್ತೊಂದನ್ನು ಮೀಟಿದರೆ ಕಾಗದ ಹಾರಿಬೀಳುತ್ತದೆ. ದಿಕ್ಸೂಚಿಯ ಬಳಿಗೆ ಅಯಸ್ಕಾಂತವನ್ನು ತಂದು ಮುಳ್ಳನ್ನು ಅಲುಗಿಸಿದರೆ, ಅಯಸ್ಕಾಂತ ಹತ್ತಿರವಾದಷ್ಟೂ ಮುಳ್ಳು ಬೇಗ ಬೇಗ ಓಲಾಡುತ್ತದೆ. ಎರಡು ದಿಕ್ಸೂಚಿಗಳನ್ನು ಅಕ್ಕಪಕ್ಕದಲ್ಲಿಟ್ಟು ಒಂದರ ಮುಳ್ಳನ್ನು ಕದಲಿಸಿದರೆ ಮತ್ತೊಂದೂ ಕದಲುತ್ತದೆ, ದೂರವಿಟ್ಟರೆ ಕದಲುವುದಿಲ್ಲ. ಶ್ರುತಿ, ಬಲ, ಸನ್ನಿಧಿ ಎಂಬ ಮೂರು ತತ್ತ್ವಗಳೂ ಅಲ್ಪವೆಚ್ಚದಲ್ಲಿ ಮಕ್ಕಳ ಕಣ್ಣಮುಂದೆ ಬರುತ್ತವೆ.

ಆದುದರಿಂದ ವಿದ್ಯಾಸಂಸ್ಥೆಗಳು ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಪ್ರತಿವರ್ಷ ಇಂಥ ಒಂದು ಕಠಿಣ ವಿಷಯವನ್ನು ಆರಿಸಿಕೊಂಡು, ಕನ್ನಡದ ಅಧ್ಯಾಪಕರೂ ವಿಜ್ಞಾನದ ಅಧ್ಯಾಪಕರೂ ಜೊತೆಯಾಗಿ ಕುಳಿತು, ಹತ್ತು ಪುಟಗಳ ಪಾಠವನ್ನು ಸಿದ್ಧಗೊಳಿಸಬೇಕು. ಕನ್ನಡದವರು ವಿಜ್ಞಾನವನ್ನು ತಪ್ಪಾಗಿ ಹೇಳದಂತೆ ವಿಜ್ಞಾನದವರು ಕಾಯಬೇಕು. ವಿಜ್ಞಾನದವರು ಮಕ್ಕಳಿಗೆ ತಿಳಿಯದಂತೆ ಹೇಳದ ಹಾಗೆ ಕನ್ನಡದವರು ಕಾಯಬೇಕು. ಭಾರತೀಯ ವಿಜ್ಞಾನ ಸಂಸ್ಥೆ ಚಳ್ಳಕೆರೆಯ ತನ್ನ ಆವರಣದಲ್ಲಿ ಶಾಲಾಕಾಲೇಜುಗಳ ಅಧ್ಯಾಪಕರಿಗೆ ತರಬೇತಿ ನೀಡುತ್ತ ಬಂದಿದೆ. ರಾಯಚೂರು ಜಿಲ್ಲೆಯ ಅಧ್ಯಾಪಕರಿಗೆ ಅದು ಬೆಂಗಳೂರಿಗಿಂತ ಹತ್ತಿರ. ಹೊರ ಊರುಗಳಲ್ಲಿ ವೈದ್ಯರೂ ಎಂಜಿನಿಯರರೂ ಸಂಶೋಧಕರೂ ಆಗಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಬಂದು ತಮ್ಮ ವಿದ್ಯೆಯನ್ನು ಕನ್ನಡದಲ್ಲಿ ಹೇಳಿಹೋಗಬೇಕು. ಕನ್ನಡದಲ್ಲಿ ಹೇಳಹೊರಟಾಗ ತಮಗೇ ಅದು ಎಷ್ಟು ತಿಳಿದಿದೆಯೆಂಬುದು ಅವರಿಗೂ ಗೊತ್ತಾಗುತ್ತದೆ.

ದಾನಿಗಳ ಪಾತ್ರವೂ ಇದರಲ್ಲಿ ಹಿರಿದು. ಭಾರತೀಯ ವಿಜ್ಞಾನ ಸಂಸ್ಥೆಗೆ ಜಮಶೇಟಜಿ ಟಾಟಾ ಅವರು ತಮ್ಮ ಸ್ವಂತ ಸಂಪತ್ತನ್ನು ಮೀಸಲಿಟ್ಟರು. ಮೈಸೂರು ಸಂಸ್ಥಾನ ಸುಮಾರು 371 ಎಕರೆ ನೆಲವನ್ನು ಕೊಟ್ಟಿತು. 1904ರಲ್ಲಿ ತೀರಿಕೊಂಡ ಟಾಟಾ ಅವರು 1909ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯನ್ನು ಕಣ್ಣಾರೆ ಕಾಣಲಿಲ್ಲ. ಸೂರ್ಯನ್, ರಾಮಚಂದ್ರನ್, ಅನಿಲ್ ಕುಮಾರ್ ಅವರ ಕೆಲಸ ಆ ದಾನದ ನೆಲದ ಮೇಲೆ ದಶಕಗಳ ಬಳಿಕ ಬೆಳೆದ ಫಸಲು. ಶಾಲೆಯ ಗೋಡೆಗೂ ಕಮಾನಿಗೂ ಕೊಡುವ ದಾನ ಬೇಡವೆಂದಲ್ಲ; ಅಧ್ಯಾಪಕರಿಗೆ ಓದುವ ಬಿಡುವನ್ನು, ಪಾಠಗಳಿಗೆ ಮುದ್ರಣವನ್ನು, ಪ್ರಯೋಗದ ಕೊಠಡಿಗೆ ತಂತಿ ದಿಕ್ಸೂಚಿಗಳನ್ನು ಒದಗಿಸುವ ದಾನ ಹೆಸರಿನ ಫಲಕವಿಲ್ಲದೆಯೂ ನಿಲ್ಲುವಂಥದು.

ಲಕ್ಷ ಬೀಜಗಳಲ್ಲಿ ಹೆಚ್ಚಾಗಿ ನಿಂತ ನಾಲ್ಕರ ದನಿಯಿಂದ ಪ್ರೋಟೀನಿನ ಆಕೃತಿಯನ್ನು ಓದಬಹುದಾದರೆ, ಒಂದು ತಾಲ್ಲೂಕಿನ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ಮಕ್ಕಳು ಕಠಿಣವಾದುದನ್ನು ತಮ್ಮ ಮಾತಿನಲ್ಲಿ ಅರಿತು ಮುಂದೆ ಸಾಗುವುದೂ ಅಲ್ಪವಲ್ಲ. ತುಂಗಭದ್ರೆಯ ದಡದಲ್ಲಿ ಒಮ್ಮೆ ವೇದಾಂತ ಕನ್ನಡವಾಯಿತು. ವಿಜ್ಞಾನವೂ ಅಲ್ಲಿ ಕನ್ನಡವಾಗುವ ಕಾಲವನ್ನು ತರುವುದು ಅಧ್ಯಾಪಕರ, ಹಳೆಯ ವಿದ್ಯಾರ್ಥಿಗಳ, ದಾನಿಗಳ ಸಂಕಲ್ಪಕ್ಕೆ ಸೇರಿದ್ದು.